ಎರಡು ಕ್ರಾಸ್ ಆಚೆಯ ಸ್ನೇಹಿತ

ಬಸವೇಶ್ವರನಗರದ ಎಂಟನೇ ಕ್ರಾಸಿನಲ್ಲಿ ಈಗ ಯಾರ ಜೇಬಿನಲ್ಲೂ ಚಿಲ್ಲರೆ ಇರುವುದಿಲ್ಲ. ಹಾಲಿಗೆ ಫೋನು, ಹೂವಿಗೆ ಫೋನು, ಇಸ್ತ್ರಿ ಗಾಡಿಯವನಿಗೂ ಫೋನು. ಗುಡಿಯಲ್ಲಿ ಮಂಗಳಾರತಿ ತಟ್ಟೆಯ ಪಕ್ಕದಲ್ಲೇ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದಾರೆ. ದುಡ್ಡಿನ ಕಥೆ ಹೀಗಾದರೆ ಮಾತಿನ ಕಥೆಯೂ ಅದೇ. ಹಬ್ಬದ ಶುಭಾಶಯ, ನಾಮಕರಣದ ಕರೆ, ಸಾವಿನ ಸುದ್ದಿ, ಎಲ್ಲವೂ ವಾಟ್ಸಾಪಿನಲ್ಲಿ ಬರುತ್ತವೆ. ಎರಡು ಕೈ ಮುಗಿದ ಚಿತ್ರ ಒತ್ತಿಬಿಟ್ಟರೆ ಹೋಗಿ ಮಾತಾಡಿಸಿ ಬಂದಷ್ಟೇ ಸಮಾಧಾನ. ಇದನ್ನು ತಪ್ಪು ಎನ್ನುವಂತಿಲ್ಲ. ಅನುಕೂಲ ಇದೆ, ಬಳಸುತ್ತೇವೆ.

ಈ ಕ್ರಾಸಿನಲ್ಲಿ ಫೋನಿನ ವಿಷಯಕ್ಕೆ ಎಲ್ಲರಿಗಿಂತ ಮುಂದಿದ್ದವರು ಸೋಮಲಿಂಗಪ್ಪನವರು. ದಾವಣಗೆರೆ ಕಡೆಯವರು, ಖಜಾನೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಮೇಜಿನ ಮೇಲೆ ಬಿಲ್ಲು ಸುಮ್ಮನೆ ದಾಟುತ್ತಿರಲಿಲ್ಲ. ಸೀಲು ಅಳಿಸಿದ್ದರೆ ವಾಪಸ್, ಸಹಿ ಅನುಮಾನ ಬಂದರೆ ವಾಪಸ್, ದೊಡ್ಡ ಸಾಹೇಬರೇ ಎದುರಿಗೆ ನಿಂತಿದ್ದರೂ ವಾಪಸ್. ಅಂಥ ಮನುಷ್ಯ ನಿವೃತ್ತಿಯ ನಂತರ ಫೋನಿನಲ್ಲಿ ದುಡ್ಡು ಕಳಿಸುವುದನ್ನು ಕಲಿತು, ಬೀದಿಯವರಿಗೆಲ್ಲ ಕಲಿಸಿದರು. ಸೊಪ್ಪು ಮಾರುವ ಹನುಮಕ್ಕ ಹೆದರಿಕೊಂಡಾಗ, "ಏನೂ ಆಗಲ್ಲ ಕಣಮ್ಮ, ನಾನಿದೀನಿ" ಎಂದು ಧೈರ್ಯ ಹೇಳಿ ಅವರ ತಳ್ಳುಗಾಡಿಗೆ ಸ್ಕ್ಯಾನ್ ಚೀಟಿ ಕಟ್ಟಿಸಿದವರೂ ಇವರೇ.

ಅವರ ಹೆಂಡತಿ ಕಮಲಾಕ್ಷಮ್ಮನವರಿಗೆ ಎರಡು ವರ್ಷದಿಂದ ಕಣ್ಣಿಗೆ ಪೊರೆ. ಬಲಗಣ್ಣಂತೂ ಮಂಜು ಕವಿದ ಕಿಟಕಿಯ ಹಾಗಾಗಿತ್ತು. ಅಕ್ಕಿಯಲ್ಲಿ ಕಲ್ಲು ಕಾಣದು, ಪುಸ್ತಕದಲ್ಲಿ ಅಕ್ಷರ ಕಾಣದು. ಸೊಪ್ಪನ್ನು ಮೂಗಿನ ಹತ್ತಿರ ಹಿಡಿದು ಇದು ಕೊತ್ತಂಬರಿ, ಇದು ಮೆಂತ್ಯ ಎಂದು ಹೇಳುತ್ತಿದ್ದರು. ಕೊನೆಗೂ ಆಪರೇಷನ್ನಿಗೆ ದಿನ ಸಿಕ್ಕಿತ್ತು, ಗುರುವಾರ. ಐವತ್ತು ಸಾವಿರ ರೂಪಾಯಿ. ಸೋಮಲಿಂಗಪ್ಪನವರು ಆ ದುಡ್ಡನ್ನು ಖಾತೆಯಲ್ಲಿ ಬೇರೆಯಾಗಿ ತೆಗೆದಿಟ್ಟು, ಅದಕ್ಕೆ ಕೈ ಹಚ್ಚುವಂತಿಲ್ಲ ಎಂದು ತಮಗೆ ತಾವೇ ಕಟ್ಟಪ್ಪಣೆ ಮಾಡಿಕೊಂಡಿದ್ದರು.

ಇನ್ನೊಬ್ಬರನ್ನು ಪರಿಚಯಿಸಿದರೆ ಈ ಕಥೆಗೆ ಬೇಕಾದವರು ಬಹುಮಟ್ಟಿಗೆ ಬಂದ ಹಾಗೆ. ಹತ್ತನೇ ಕ್ರಾಸಿನ ಗಂಗಾಧರಯ್ಯ ಮೇಷ್ಟ್ರು. ಕನ್ನಡ ಪಾಠ ಹೇಳಿ ನಿವೃತ್ತರಾದವರು, ಸೋಮಲಿಂಗಪ್ಪನವರಿಗೆ ಮೂವತ್ತು ವರ್ಷದ ಸ್ನೇಹಿತರು. ಇಬ್ಬರೂ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿ, ಕಲ್ಲು ಬೆಂಚಿನ ಮೇಲೆ ಕೂತು ಲೋಕದ ತಪ್ಪುಗಳನ್ನೆಲ್ಲ ತಿದ್ದಿ ಮನೆಗೆ ಬರುತ್ತಿದ್ದರು. ಮೇಷ್ಟ್ರಿಗೆ ಮಂಡಿನೋವು ಶುರುವಾದ ಮೇಲೆ ನಡಿಗೆ ನಿಂತಿತು. ಅದರ ಬದಲು ಬೆಳಿಗ್ಗೆ ಐದೂವರೆಗೆ ಇವರಿಂದ ಒಂದು ಗುಲಾಬಿ ಹೂವಿನ ಚಿತ್ರ ಹೋಗುತ್ತದೆ, ಅವರಿಂದ ಒಂದು ಸೂರ್ಯೋದಯ ಬರುತ್ತದೆ. ಮುಖ ನೋಡಿ ಐದು ತಿಂಗಳಾಗಿತ್ತು. ದಿನಾ ಹೂವು ಬರುತ್ತಿದ್ದರಿಂದ ಇಬ್ಬರಿಗೂ ಅದು ಗೊತ್ತೇ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಸೂರ್ಯೋದಯ ಬರಲಿಲ್ಲ. ಒಂಬತ್ತು ಕಾಲಿಗೆ ಮೇಷ್ಟ್ರ ಹೆಸರಿನಲ್ಲಿ, ಅವರದೇ ಫೋಟೋದ ಕೆಳಗೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದು ಸಂದೇಶ ಬಂತು. ಸಾರ್, ಹೆಂಡತಿಗೆ ಎದೆನೋವು, ಆಸ್ಪತ್ರೆಯಲ್ಲಿ ಇದ್ದೇನೆ, ಅರ್ಜೆಂಟಾಗಿ ಮೂವತ್ತು ಸಾವಿರ ಬೇಕು, ನನ್ನ ಖಾತೆ ಕೆಲಸ ಮಾಡುತ್ತಿಲ್ಲ, ಈ ನಂಬರಿಗೆ ಹಾಕಿ, ಒಳಗೆ ಫೋನಿನಲ್ಲಿ ಮಾತಾಡುವ ಹಾಗಿಲ್ಲ, ಸಂಜೆ ವಾಪಸ್ ಕೊಡುತ್ತೇನೆ.

ಸೋಮಲಿಂಗಪ್ಪನವರು ಅದನ್ನು ಎರಡು ಸಲ ಓದಿದರು. ಮೇಷ್ಟ್ರು 'ಶರಣು' ಎನ್ನದೆ ಒಂದು ಸಾಲು ಬರೆದವರಲ್ಲ, ಇವರನ್ನು ಯಾವತ್ತೂ 'ಸಾರ್' ಎಂದವರೂ ಅಲ್ಲ. ಪಾಪ, ಗಾಬರಿಯಲ್ಲಿ ಮನುಷ್ಯನಿಗೆ ಯಾವ ಶರಣು ನೆನಪಿರುತ್ತದೆ ಎಂದು ತಾವೇ ಉತ್ತರ ಹೇಳಿಕೊಂಡರು.

"ಏನ್ರೀ ಅದು?" ಒಳಗಿನಿಂದ ಕಮಲಾಕ್ಷಮ್ಮ ಕೇಳಿದರು.

"ಲಕ್ಷ್ಮವ್ವನಿಗೆ ಎದೆನೋವಂತೆ. ಮೇಷ್ಟ್ರು ದುಡ್ಡು ಕೇಳಿದಾರೆ, ಮೂವತ್ತು ಸಾವಿರ."

"ಅಯ್ಯೋ ಶಿವನೇ. ಒಂದ್ಸಲ ಫೋನ್ ಮಾಡಿ, ಹೇಗಿದಾಳೆ ಕೇಳಬಾರದಾ?"

"ಬೇಡ ಕಣೇ. ದುಡ್ಡು ಕೇಳಿದ ಹೊತ್ತಲ್ಲಿ ಫೋನ್ ಮಾಡಿದ್ರೆ ಅನುಮಾನ ಪಟ್ಟ ಹಾಗಾಗುತ್ತೆ."

ಇಲ್ಲಿ ಅವರ ಮನೆತನದ ಒಂದು ಕಟ್ಟಳೆ ಹೇಳಬೇಕು. ಸೋಮಲಿಂಗಪ್ಪನವರ ತಂದೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಕಷ್ಟಕ್ಕೆ ಕೈ ಚಾಚಿದವರ ಬಾಯಿ ಎರಡು ಸಲ ತೆರೆಸಬಾರದು ಎನ್ನುವುದು ಅವರ ಮಾತು. ಯಾಕೆ ಎನ್ನಬಾರದು, ಎಷ್ಟು ದಿನಕ್ಕೆ ಎನ್ನಬಾರದು. ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಎನ್ನು, ಅಷ್ಟೇ. ಮಗ ಆ ಮಾತನ್ನು ಅರವತ್ತೆಂಟನೇ ವಯಸ್ಸಿನವರೆಗೂ ಕಾಪಾಡಿಕೊಂಡು ಬಂದಿದ್ದರು. ಒಳ್ಳೆಯ ಮಾತೇ. ಆದರೆ ಆ ಕಾಲದಲ್ಲಿ ಕೇಳುವವನು ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದ. ಅವನ ಮುಖವೇ ಅವನ ಸಾಕ್ಷಿಯಾಗಿತ್ತು.

"ಇರೋದು ನಿನ್ನ ಕಣ್ಣಿನ ದುಡ್ಡು," ಎಂದರು ಸೋಮಲಿಂಗಪ್ಪ.

"ಕಳಿಸಿ. ನನ್ನ ಕಣ್ಣು ಎಲ್ಲೂ ಓಡಿಹೋಗಲ್ಲ. ಸಂಜೆ ಕೊಡ್ತಾರಲ್ಲ."

ನಂಬರು ಹಾಕಿದಾಗ ಫೋನಿನಲ್ಲಿ ಯಾವನೋ ಒಬ್ಬನ ಹೆಸರು ಬಂತು. ಕೇಳರಿಯದ ಹೆಸರು. ಆಸ್ಪತ್ರೆಯ ಕ್ಯಾಷಿಯರ್ ಇರಬೇಕು ಎಂದುಕೊಂಡರು. ಸೀಲು ಅಳಿಸಿದ್ದಕ್ಕೆ ಬಿಲ್ಲು ವಾಪಸ್ ಮಾಡಿದ ಅದೇ ಕೈ ಪಿನ್ ಒತ್ತಿತು. ನಾಲ್ಕು ಸೆಕೆಂಡಿನಲ್ಲಿ ಮೂವತ್ತು ಸಾವಿರ ಹೋಯಿತು. ಸ್ನೇಹಿತನ ಕಷ್ಟಕ್ಕೆ ಆದೆ ಎಂಬ ತೃಪ್ತಿಯಲ್ಲಿ ಅವರು ಒಂದು ಲೋಟ ನೀರು ಕುಡಿದರು.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ಸಂದೇಶ. ಡಾಕ್ಟರು ಇನ್ನೂ ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ, ಕೂಡಲೇ ಹಾಕಿ. ಸೋಮಲಿಂಗಪ್ಪನವರು ಮತ್ತೆ ನಂಬರು ಹಾಕಿದರು. ಅದೇ ಹೊತ್ತಿಗೆ ಗೇಟಿನ ಹತ್ತಿರ ಹನುಮಕ್ಕನ ಗಾಡಿ ಬಂದು ನಿಂತಿತು.

ಹನುಮಕ್ಕ ಹತ್ತಿರದ ಉಲ್ಲಾಳದವರು. ಹೊಲವಿದ್ದ ಕಾಲದಲ್ಲಿ ಸೊಪ್ಪು ಬೆಳೆಯುತ್ತಿದ್ದರು, ಹೊಲವೆಲ್ಲ ಲೇಔಟ್ ಆದ ಮೇಲೆ ಮಾರುಕಟ್ಟೆಯಿಂದ ತಂದು ಮಾರುತ್ತಾರೆ. ಹದಿನೈದು ವರ್ಷದಿಂದ ಇದೇ ಬೀದಿಗಳು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಪಥ್ಯ, ಎಲ್ಲ ಅವರಿಗೆ ಸೊಪ್ಪಿನ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕಮಲಾಕ್ಷಮ್ಮ ಗೋಡೆ ಹಿಡಿದುಕೊಂಡು ಗೇಟಿಗೆ ಬಂದರು. "ಹನುಮಕ್ಕ, ಸ್ವಲ್ಪ ಬೇಗ ಕೊಡಮ್ಮ. ನಾವು ಆಸ್ಪತ್ರೆಗೆ ಹೋಗ್ಬೇಕು. ಹತ್ತನೇ ಕ್ರಾಸ್ ಲಕ್ಷ್ಮವ್ವನಿಗೆ ಎದೆನೋವಂತೆ, ಸೇರಿಸಿದಾರೆ."

"ಯಾವ ಲಕ್ಷ್ಮವ್ವ? ಮೇಷ್ಟ್ರ ಮನೆಯೋರಾ?"

"ಹೂಂ. ದುಡ್ಡು ಬೇಕು ಅಂತ ಮೇಷ್ಟ್ರೇ ಮೆಸೇಜ್ ಕಳಿಸಿದಾರೆ."

ಹನುಮಕ್ಕ ಕೈಯಲ್ಲಿದ್ದ ಕಟ್ಟನ್ನು ಗಾಡಿಯ ಮೇಲಿಟ್ಟರು. "ಅಮ್ಮಾ, ಈಗ ಕಾಲು ಗಂಟೆ ಹಿಂದೆ ಔರ ಮನೆ ಮುಂದಿಂದಾನೇ ಬಂದಿದ್ದು ನಾನು. ಎರಡು ಕಟ್ಟು ಸಬ್ಬಸಿಗೆ ತಗಂಡ್ರು. ಹತ್ತು ನಿಮಿಷ ಚೌಕಾಸಿ ಮಾಡಿ ಐದು ರೂಪಾಯಿ ಇಳಿಸ್ಕಂಡ್ರು. ಎದೆನೋವಿರೋರು ಹಂಗೆ ಚೌಕಾಸಿ ಮಾಡಲ್ಲ ಬಿಡಿ."

ವರಾಂಡದಲ್ಲಿ ಸೋಮಲಿಂಗಪ್ಪನವರ ಹೆಬ್ಬೆರಳು ಪಿನ್ನಿನ ಮೂರನೇ ಅಂಕಿಯ ಮೇಲಿತ್ತು. ಅಲ್ಲೇ ನಿಂತಿತು. ಆದರೂ ಮನಸ್ಸು ಸೋಲೊಪ್ಪಲಿಲ್ಲ.

"ಸೊಪ್ಪು ತಗೊಂಡ ಮೇಲೆ ನೋವು ಬಂದಿರಬಹುದು," ಎಂದರು.

"ಮೆಸೇಜು ಎಷ್ಟೊತ್ತಿಗೆ ಬಂತು ಯಜಮಾನ್ರೆ?"

"ಒಂಬತ್ತೂ ಕಾಲು."

"ನಾನು ಔರ್ನ ನೋಡಿದ್ದು ಅದಾದ ಮೇಲೆ. ಫೋನ್ ಮಾಡಿ. ವಾಟ್ಸಾಪಲ್ಲಿ ಬ್ಯಾಡಿ, ಅದು ಈಗ ಯಾರ ಕೈಲೈತೋ ಏನೋ. ಮಾಮೂಲಿ ಕಾಲ್ ಮಾಡಿ."

"ಹಾಗಲ್ಲ ಹನುಮಕ್ಕ, ಕಷ್ಟದಲ್ಲಿರೋರನ್ನ ಎರಡನೇ ಸಲ ಕೇಳೋದು..."

"ಎಲ್ಲಾದ್ರೂ ಉಂಟಾ? ಮನೆಯೋಳಿಗೆ ಹೆಂಗೈತೆ ಅಂತ ಕೇಳಿದ್ರೆ ಯಾರಿಗೆ ಬೇಜಾರಾಗುತ್ತೆ? ಕೇಳದೇ ಇದ್ರೇ ಬೇಜಾರು."

ಸೋಮಲಿಂಗಪ್ಪನವರು ಪಿನ್ನಿನ ಪುಟ ಮುಚ್ಚಿದರು. ಅವರು ಮೇಷ್ಟ್ರ ನಂಬರಿಗೆ ಮಾಮೂಲಿ ಕರೆ ಮಾಡಿದರು. ಎರಡನೇ ರಿಂಗಿಗೇ ಆ ಕಡೆಯಿಂದ ನಿರಾಳವಾದ ಧ್ವನಿ ಬಂತು.

"ಶರಣು ಸೋಮಣ್ಣ. ಏನು, ಇವತ್ತು ಧ್ವನಿ ಕೇಳಿಸ್ತಾ ಇದೀರಿ? ನನ್ನ ವಾಟ್ಸಾಪ್ ನಿನ್ನೆ ಸಂಜೆಯಿಂದ ಕೆಟ್ಟು ಕೂತಿದೆ ನೋಡಿ. ಅದಕ್ಕೇ ಸೂರ್ಯೋದಯ ಕಳಿಸೋಕಾಗ್ಲಿಲ್ಲ."

"ಲಕ್ಷ್ಮವ್ವ?"

"ಅಡುಗೆಮನೇಲಿದಾಳೆ. ಸಬ್ಬಸಿಗೆ ಬಸ್ಸಾರಂತೆ. ಕರೀಲಾ?"

ಸೋಮಲಿಂಗಪ್ಪನವರು ಮೆಟ್ಟಿಲ ಮೇಲೆ ಕೂತರು. ಕಮಲಾಕ್ಷಮ್ಮ ಫೋನು ತೆಗೆದುಕೊಂಡು ನಡೆದದ್ದನ್ನೆಲ್ಲ ಹೇಳಿದರು. ಆಗ ಮೇಷ್ಟ್ರ ಕಡೆಯ ಕಥೆಯೂ ಹೊರಬಂತು. ಹಿಂದಿನ ದಿನ ಯಾರೋ ಫೋನ್ ಮಾಡಿ, ನಮ್ಮ ಸಮಾಜದ ಹಿರಿಯರ ಯಾತ್ರೆಗೆ ಹೊಸ ಗ್ರೂಪ್ ಮಾಡಿದ್ದೇವೆ, ನಿಮ್ಮ ಫೋನಿಗೆ ಆರು ಅಂಕಿಯ ಸಂಖ್ಯೆ ಬರುತ್ತದೆ, ಓದಿ ಹೇಳಿದರೆ ಸೇರಿಸುತ್ತೇವೆ ಎಂದಿದ್ದರಂತೆ. ಮೇಷ್ಟ್ರು ಪಾಠ ಓದಿದ ಹಾಗೆ ಸ್ಪಷ್ಟವಾಗಿ ಓದಿ ಹೇಳಿದ್ದರು. ಆ ಆರು ಅಂಕಿ ಅವರ ವಾಟ್ಸಾಪಿನ ಬೀಗದ ಕೈ. ಅದನ್ನು ಅವರೇ ಕಳ್ಳನ ಕೈಗೆ ಕೊಟ್ಟಿದ್ದರು. ಅಂದಿನಿಂದ ಅವರ ಹೆಸರು, ಅವರ ಫೋಟೋ ಇಟ್ಟುಕೊಂಡು ಇನ್ಯಾವನೋ ಮಾತಾಡುತ್ತಿದ್ದ.

ಸೋಮಲಿಂಗಪ್ಪನವರಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ.

"ಹೋಯ್ತು ಬಿಡು," ಎಂದರು ಹೆಂಡತಿಗೆ. "ಹೋದ ದುಡ್ಡು ಬರಲ್ಲ. ಯಾರಿಗೂ ಹೇಳಬೇಡ. ವಚನಾಗಂತೂ ಹೇಳ್ಲೇಬೇಡ. ಖಜಾನೆ ಸೋಮಲಿಂಗಪ್ಪನೇ ಟೋಪಿ ಹಾಕಿಸ್ಕೊಂಡ ಅಂತ ಇಡೀ ಬಡಾವಣೆ ನಗುತ್ತೆ." ವಚನಾ ಅವರ ಮಗಳು, ಹುಬ್ಬಳ್ಳಿಯಲ್ಲಿ ಲೆಕ್ಚರರ್.

"ಬರಲ್ಲ ಅಂತ ಯಾರು ಹೇಳಿದ್ದು? ಇಂಥ ಮೋಸಕ್ಕೇ ಅಂತ ಪೊಲೀಸ್ನೋರ್ದು ಒಂದು ನಂಬರ್ ಐತೆ, ಅದಕ್ಕೆ ಫೋನ್ ಮಾಡಿ. ಒಂದು, ಒಂಬತ್ತು, ಮೂರು, ಸೊನ್ನೆ," ಎಂದರು ಹನುಮಕ್ಕ.

"ಪೊಲೀಸ್ನೋರಿಗೆ ಇದೇ ಕೆಲಸಾನಾ? ಸಾವಿರ ಜನ ಮಾಡ್ತಾರೆ. ನನ್ನ ಮೂವತ್ತು ಸಾವಿರ ಯಾರು ಹುಡುಕ್ತಾರೆ?"

ಹನುಮಕ್ಕ ಗಾಡಿ ಬಿಟ್ಟು ಗೇಟಿನೊಳಗೆ ಬಂದರು. ಹದಿನೈದು ವರ್ಷದಲ್ಲಿ ಅವರು ಒಳಗೆ ಬಂದದ್ದು ಅದೇ ಮೊದಲು.

"ಯಜಮಾನ್ರೆ, ನಿಮಗೆ ಒಂದು ಮಾತು ಹೇಳಿರ್ಲಿಲ್ಲ ನಾನು. ಹೋದ ವರ್ಷ ನನ್ನ ಗಾಡಿ ಚೀಟಿ ಮೇಲೆ ಯಾವನೋ ತನ್ನ ಚೀಟಿ ಅಂಟಿಸ್ಬಿಟ್ಟಿದ್ದ. ಒಂದು ಬೆಳಗಿನ ಯಾಪಾರ ಪೂರ್ತಿ ಅವನ ಖಾತೆಗೆ ಹೋಯ್ತು. ಚೀಟಿ ಕಟ್ಟಿಸಿದ್ದು ನೀವು, ನಿಮಗೆ ಬೇಜಾರಾಗುತ್ತೆ ಅಂತ ಬಾಯಿ ಮುಚ್ಕಂಡಿದ್ದೆ. ಎರಡು ದಿನ ಆದ್ಮೇಲೆ ನಮ್ಮ ಮಹಿಳಾ ಸಂಘದ ಸುಮಾ ಬೈದು ಫೋನ್ ಮಾಡಿಸಿದ್ಲು. ಅಷ್ಟೊತ್ತಿಗೆ ದುಡ್ಡು ಆ ಖಾತೆಯಿಂದ ಇನ್ನೆಲ್ಲಿಗೋ ಹೋಗಿತ್ತು. ಸಾವಿರದ ಎಂಟುನೂರು ರೂಪಾಯಿ. ಕಳ್ಳ ತಗಂಡೋಗಿದ್ದಲ್ಲ ಅದು, ನನ್ನ ನಾಚಿಕೆ ತಗಂಡೋಗಿದ್ದು."

"ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ," ಎಂದು ಗೊಣಗಿದರು ಸೋಮಲಿಂಗಪ್ಪ.

"ನಿಮ್ದು ಇನ್ನೂ ಪೂರ್ತಿ ಕೆಟ್ಟಿಲ್ಲ. ಅರ್ಧ ಗಂಟೆ ಆಗೈತೆ ಅಷ್ಟೇ. ಆ ಖಾತೆಯಿಂದ ದುಡ್ಡು ಆಚೆ ಹೋಗೋದ್ರೊಳಗೆ ತಡೀಬೇಕು. ನೀವು ಇಲ್ಲಿ ಕೂತ್ಕಂಡು ನಾಚ್ಕಂತಾ ಇದ್ರೆ ಅವನಿಗೆ ಅಷ್ಟೂ ಟೈಮು ಸಿಗುತ್ತೆ."

ಆದರೂ ಅವರು ಏಳಲಿಲ್ಲ. ಆಗ ಕಮಲಾಕ್ಷಮ್ಮ ಮುಂದೆ ಬಂದರು. ಮದುವೆಯಾಗಿ ನಲವತ್ತು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡಿದವರಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದೇನೂ ಪೂರ್ತಿ ನಿಜವಲ್ಲ, ಆದರೆ ಗೇಟಿನ ಹತ್ತಿರ ಮಾತಾಡಿದ್ದು ಮಾತ್ರ ಮೊದಲ ಸಲ.

"ರೀ, ಅದು ನನ್ನ ಕಣ್ಣಿನ ದುಡ್ಡು. ಲಕ್ಷ್ಮವ್ವನಿಗೆ ಅಂತ ಕೊಟ್ಟೆ, ಸಂತೋಷವಾಗೇ ಕೊಟ್ಟೆ. ಕಳ್ಳನಿಗೆ ಕೊಡಲ್ಲ. ನಿಮ್ಮ ಮರ್ಯಾದೆ ಕಾಪಾಡೋಕೆ ನಾನು ಕುರುಡಿಯಾಗಿ ಇರಬೇಕಾ? ಮಾಡಿ ಫೋನು."

ಸೋಮಲಿಂಗಪ್ಪನವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅವರ ಬಲಗಣ್ಣಿನ ಬಿಳಿ ಪೊರೆ ಬಿಸಿಲಿಗೆ ಎದ್ದು ಕಾಣುತ್ತಿತ್ತು. ಸೋಮಲಿಂಗಪ್ಪನವರು ಫೋನು ತೆಗೆದು 1930 ಒತ್ತಿದರು.

ಆ ಕಡೆ ಮಾತಾಡಿದ ಹೆಣ್ಣುಮಗಳು ನಗಲಿಲ್ಲ, ಬೈಯಲಿಲ್ಲ. ಎಷ್ಟು ದುಡ್ಡು, ಎಷ್ಟು ಗಂಟೆಗೆ, ಯಾವ ಬ್ಯಾಂಕಿನಿಂದ, ಯಾವ ನಂಬರಿಗೆ ಎಂದು ಒಂದೊಂದಾಗಿ ಕೇಳಿದರು. ದುಡ್ಡು ಹೋದಾಗ ಫೋನಿನಲ್ಲಿ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ ಬಂದಿರುತ್ತದಲ್ಲ, ಅದನ್ನೂ ಕೇಳಿದರು. ಇಲ್ಲಿ ಮಾತ್ರ ಖಜಾನೆಯ ಮನುಷ್ಯ ಮತ್ತೆ ಎದ್ದು ಕೂತ. ಸೋಮಲಿಂಗಪ್ಪನವರು ಸಂಖ್ಯೆಯನ್ನು ಬಿಡಿಬಿಡಿಯಾಗಿ ಎರಡು ಸಲ ಓದಿ, ಆ ಕಡೆಯವರಿಂದ ಒಂದು ಸಲ ಓದಿಸಿ ತಾಳೆ ನೋಡಿದರು. ದೂರಿನ ಸಂಖ್ಯೆ ಬರೆದುಕೊಂಡರು. ಸಂದೇಶ ಯಾವುದನ್ನೂ ಅಳಿಸಬೇಡಿ, ಬ್ಯಾಂಕಿಗೂ ತಿಳಿಸಿ, ಸೈಬರ್ ಅಪರಾಧದ ವೆಬ್‌ಸೈಟಿನಲ್ಲಿ ದೂರು ಪೂರ್ತಿ ಮಾಡಿ ಎಂದು ಆಕೆ ಹೇಳಿದರು. ಗಡಿಯಾರದಲ್ಲಿ ಹತ್ತು ಗಂಟೆಗೆ ಐದು ನಿಮಿಷ ಇತ್ತು.

ಬ್ಯಾಂಕಿಗೆ ಹೋಗುವ ದಾರಿ ಹತ್ತನೇ ಕ್ರಾಸಿನ ಮೇಲೇ. ಮೇಷ್ಟ್ರು ಮಂಡಿ ಹಿಡಿದುಕೊಂಡು ಗೇಟಿನಲ್ಲೇ ಕಾಯುತ್ತಿದ್ದರು. ಐದು ತಿಂಗಳಲ್ಲಿ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೋಮಲಿಂಗಪ್ಪನವರಿಗೆ ಅದು ಹೊಸ ಸುದ್ದಿ, ಫೋಟೋದಲ್ಲಿ ಇನ್ನೂ ಕಪ್ಪಗೇ ಇತ್ತು.

"ಒಂದು ಮಾತೂ ಕೇಳದೆ ಕಳಿಸ್ಬಿಟ್ಯಲ್ಲೋ," ಎಂದರು ಮೇಷ್ಟ್ರು. ಮೂವತ್ತು ವರ್ಷ 'ನೀವು' ಎಂದವರು. "ಕಮಲಕ್ಕನ ಕಣ್ಣಿನ ದುಡ್ಡು. ಅಷ್ಟು ಪ್ರೀತಿ ಇರೋನು, ಎರಡು ಕ್ರಾಸ್ ನಡೆದು ಬಂದು ನೋಡಬಾರದಿತ್ತಾ?"

ಅವರ ಕಣ್ಣು ತುಂಬಿತ್ತು. ಸೋಮಲಿಂಗಪ್ಪನವರಿಗೂ ತಡೆಯಲಾಗಲಿಲ್ಲ. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ ಈ ಮಾತು ನಾಟಿತು. ಕೇಳದೆ ಕೊಡುವುದು ದೊಡ್ಡತನ ಎಂದುಕೊಂಡಿದ್ದರು. ಮೇಷ್ಟ್ರ ಹೆಂಡತಿ ಸಾಯುತ್ತಿದ್ದಾಳೆ ಎಂದು ನಂಬಿಯೂ ತಾವು ಕುರ್ಚಿಯಿಂದ ಎದ್ದಿರಲಿಲ್ಲ ಎನ್ನುವುದು ಅವರಿಗೆ ಆಗ ಹೊಳೆಯಿತು.

"ಅಳೋದು ಆಮೇಲೆ," ಎಂದು ಲಕ್ಷ್ಮವ್ವ ಒಳಗಿನಿಂದ ಕೂಗಿದರು. "ಬ್ಯಾಂಕ್ ಕೆಲಸ ಮುಗಿಸ್ಕೊಂಡು ಬನ್ನಿ ಇಬ್ರೂ."

ಬ್ಯಾಂಕಿನಲ್ಲಿ ದೂರಿನ ಸಂಖ್ಯೆ ಕೊಟ್ಟು ಅರ್ಜಿ ಬರೆದುಕೊಟ್ಟರು. ಅಲ್ಲಿದ್ದ ರಕ್ಷಾ ಎಂಬ ಹುಡುಗಿ ವೆಬ್‌ಸೈಟಿನ ದೂರನ್ನು ತುಂಬಲು ಸಹಾಯ ಮಾಡಿದಳು. ಮೇಷ್ಟ್ರ ಫೋನಿನಲ್ಲಿ ಅವರದೇ ನಂಬರಿನಿಂದ ವಾಟ್ಸಾಪನ್ನು ಮತ್ತೆ ತೆರೆಸಿದಳು. ಹೊಸದಾಗಿ ಆರು ಅಂಕಿ ಬಂತು, ಈ ಸಲ ಮೇಷ್ಟ್ರು ಅದನ್ನು ಯಾರಿಗೂ ಓದಿ ಹೇಳಲಿಲ್ಲ, ತಾವೇ ಒತ್ತಿದರು. ಕಳ್ಳ ಹೊರಗೆ ಬಿದ್ದ. ಇನ್ನೊಂದು ಸಲ ಹೀಗಾಗದಿರಲೆಂದು ಎರಡನೇ ಬೀಗ, ಅಂದರೆ ಟೂ ಸ್ಟೆಪ್ ಪಿನ್ನನ್ನೂ ಹಾಕಿಸಿದಳು. "ಅಂಕಲ್, ಇದನ್ನ ಎಲ್ಲರೂ ಹಾಕ್ಕೋಬಹುದು. ಎರಡು ನಿಮಿಷದ ಕೆಲಸ. ಯಾರೂ ಹಾಕ್ಕೊಳ್ಳಲ್ಲ," ಎಂದಳು.

ಮೇಷ್ಟ್ರ ಮನೆಗೆ ಬಂದು ಇಬ್ಬರೂ ಅವರ ಹಳೇ ಡೈರಿ ಹಿಡಿದು ಕೂತರು. ಒಬ್ಬೊಬ್ಬರಿಗೂ ಫೋನ್ ಮಾಡಿ, ನನ್ನ ಹೆಸರಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ ಎಂದು ಹೇಳುತ್ತಾ ಹೋದರು. ಕೆಂಗೇರಿಯ ಶಿವಬಸಪ್ಪನವರು ಹದಿನೈದು ಸಾವಿರ ಕಳಿಸಲು ಮಗನನ್ನು ಕಾಯುತ್ತಿದ್ದರು. ಒಂದು ಫೋನು ಅವರನ್ನು ಉಳಿಸಿತು. ಮಧ್ಯಾಹ್ನ ಬಸ್ಸಾರಿನ ಊಟ ಅಲ್ಲೇ ಆಯಿತು. ಬಹಳ ದಿನದ ಮೇಲೆ ಲೋಕದ ತಪ್ಪುಗಳಿಗೂ ಸ್ವಲ್ಪ ತಿದ್ದುಪಡಿ ಸಿಕ್ಕಿತು.

ಸಂಜೆ ಬ್ಯಾಂಕಿನಿಂದ ಸುದ್ದಿ ಬಂತು. ಕಳ್ಳನ ಖಾತೆಯಲ್ಲಿ ಇಪ್ಪತ್ತೆರಡು ಸಾವಿರ ತಡೆದು ನಿಲ್ಲಿಸಲಾಗಿದೆ. ಎಂಟು ಸಾವಿರ ಅಷ್ಟರಲ್ಲೇ ಹೊರಗೆ ಹೋಗಿತ್ತು. ನಿಂತ ದುಡ್ಡು ಕೈಗೆ ಬರಲು ಕಾಗದ ಪತ್ರದ ಕೆಲಸವಿದೆ, ಕೆಲವು ವಾರ ಹಿಡಿಯುತ್ತದೆ ಎಂದರು. ಗುರುವಾರದ ಆಪರೇಷನ್ನಿಗೆ ಕಡಿಮೆ ಬಿದ್ದ ದುಡ್ಡನ್ನು ಸೋಮಲಿಂಗಪ್ಪನವರು ಮೇಷ್ಟ್ರ ಹತ್ತಿರವೇ ಕೇಳಿದರು, ಅವರ ಮನೆಗೆ ಹೋಗಿ, ಎದುರಿಗೆ ಕೂತು. ಮೇಷ್ಟ್ರು ಗಂಭೀರವಾಗಿ, "ಯಾಕೆ ಬೇಕು, ಯಾವ ಆಸ್ಪತ್ರೆ, ಯಾರ ಹೆಸರಿಗೆ, ಇನ್ನೊಂದ್ಸಲ ಹೇಳಿ," ಎಂದು ಎರಡೆರಡು ಸಲ ಬಾಯಿ ತೆರೆಸಿ, ನಕ್ಕು, ಕೊಟ್ಟರು.

ರಾತ್ರಿ ಊಟವಾದ ಮೇಲೆ ಮಗಳಿಗೂ ಹೇಳಿಬಿಟ್ಟರು. ವಚನಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಪ್ಪಾ, ಎರಡು ವರ್ಷದ ಹಿಂದೆ ನಂದೂ ಹನ್ನೆರಡು ಸಾವಿರ ಹೋಯ್ತು. ಪಾರ್ಸಲ್ ವಿಳಾಸ ಸರಿಮಾಡಿ ಅಂತ ಒಂದು ಲಿಂಕ್ ಬಂದಿತ್ತು, ಒತ್ತಿದೆ. ನೀವು ಬೈತೀರ ಅಂತ ಹೇಳ್ಲಿಲ್ಲ. ದೂರೂ ಕೊಡ್ಲಿಲ್ಲ," ಎಂದಳು.

ಸೋಮಲಿಂಗಪ್ಪನವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ತಾನು ಮಗಳಿಂದ ಮುಚ್ಚಿಡಲು ಹೊರಟಿದ್ದೆ. ಮಗಳು ತನ್ನಿಂದ ಎರಡು ವರ್ಷ ಮುಚ್ಚಿಟ್ಟಿದ್ದಾಳೆ. ಹನುಮಕ್ಕ ತನಗಾಗಿಯೇ ಬಾಯಿ ಮುಚ್ಚಿಕೊಂಡಿದ್ದಳು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಕಾವಲುಗಾರರು ಬೇಕೇ?

ಆಪರೇಷನ್ ಸುಸೂತ್ರವಾಗಿ ಆಯಿತು. ಅದಾದ ಹತ್ತು ದಿನಕ್ಕೆ, ಭಾನುವಾರ, ಬಡಾವಣೆಯ ನಿವಾಸಿಗಳ ಸಂಘದ ಸಭೆ. ಬೀದಿದೀಪ, ಕಸದ ಗಾಡಿ, ನೀರಿನ ವಿಷಯ ಮುಗಿದ ಮೇಲೆ ಸೋಮಲಿಂಗಪ್ಪನವರು ಎದ್ದು ನಿಂತರು. ಜೊತೆಗೆ ಹನುಮಕ್ಕನನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

"ನನ್ನನ್ನ ನೀವೆಲ್ಲ ಬಲ್ಲಿರಿ," ಎಂದು ಶುರುಮಾಡಿದರು. "ಮೂವತ್ತನಾಲ್ಕು ವರ್ಷ ಸರ್ಕಾರದ ದುಡ್ಡು ಕಾಯ್ದೆ. ನಮ್ಮನೆ ದುಡ್ಡು ನಾಲ್ಕು ಸೆಕೆಂಡಿನಲ್ಲಿ ಕಳ್ಳನಿಗೆ ಕೊಟ್ಟೆ. ನಾನು ಮೋಸ ಹೋದೆ. ಈ ಹನುಮಕ್ಕ ಇಲ್ದೇ ಇದ್ದಿದ್ರೆ ಪೂರ್ತಿ ಹೋಗ್ತಿತ್ತು." ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಯಾರೂ ನಗಲಿಲ್ಲ. ಕೊನೆಗೆ ಕೇಳಿದರು, "ನನ್ನ ಹಾಗೆ ಫೋನಿನಲ್ಲಿ ದುಡ್ಡು ಕಳ್ಕೊಂಡೋರು ಇಲ್ಲಿ ಇನ್ಯಾರಾದ್ರೂ ಇದೀರಾ? ಕೈ ಎತ್ತಿ."

ಮೊದಲು ಒಬ್ಬ ಕಾಲೇಜಿನ ಹುಡುಗಿ ಕೈ ಎತ್ತಿದಳು. ಆಮೇಲೆ ಒಬ್ಬ ವಕೀಲರು. ಆಮೇಲೆ, ಎಲ್ಲರಿಗೂ ಆಶ್ಚರ್ಯವಾಗುವಂತೆ, ಸಂಘದ ಅಧ್ಯಕ್ಷರೇ. ಹಿಂದಿನ ಸಾಲಿನ ಕಡೆ ಒಂದೊಂದಾಗಿ ಕೈಗಳು ಮೇಲೆದ್ದವು.

ಕಮಲಾಕ್ಷಮ್ಮ ಮುಂದಿನ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅದನ್ನು ತೆಗೆದು, ಹಿಂದಕ್ಕೆ ತಿರುಗಿ, ಸಭೆಯ ಕೊನೆಯ ಸಾಲಿನವರೆಗೂ ತಮ್ಮ ಬಲಗಣ್ಣಿನಲ್ಲಿ ಒಂದೊಂದೇ ಕೈಯನ್ನು ಎಣಿಸಿದರು.

"ಹತ್ತೊಂಬತ್ತು," ಎಂದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲಿ ಎಷ್ಟು ಕೈ ಇವೆಯೋ ನಮಗೆ ಗೊತ್ತಿಲ್ಲ, ನಿಮಗೂ ಗೊತ್ತಿರಲಾರದು. ಫೋನು ಬಿಡಿ ಎಂದು ನಾವು ಹೇಳುತ್ತಿಲ್ಲ. ಹಾಯಾಗಿ ಬಳಸಿ. ಆದರೆ ದುಡ್ಡು ಕೇಳುವ ಸಂದೇಶ ಬಂದರೆ, ಅದು ಹೆತ್ತ ಮಗನ ಹೆಸರಿನಲ್ಲೇ ಇರಲಿ, ಮೊದಲು ಮಾಮೂಲಿ ಫೋನ್ ಮಾಡಿ ಧ್ವನಿ ಕೇಳಿ. ಹತ್ತಿರವಿದ್ದರೆ ಹೋಗಿ ಮುಖ ನೋಡಿ. ಪಿನ್ ಒತ್ತುವ ಮುಂಚೆ ಯಾರ ಹೆಸರು ಬಂದಿದೆ ಎಂದು ಓದಿ. ನಿಮ್ಮ ಫೋನಿಗೆ ಬಂದ ಆರು ಅಂಕಿಯನ್ನು ಯಾರು ಕೇಳಿದರೂ ಹೇಳಬೇಡಿ. ಇಷ್ಟಾಗಿಯೂ ಕೈ ತಪ್ಪಿತೋ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೆ ತಿಳಿಸಿ. ಮನೆಯವರಿಗೆ ಹೇಳಿ, ನೆರೆಯವರಿಗೆ ಹೇಳಿ. ಮೋಸ ಹೋದವರು ತಲೆ ತಗ್ಗಿಸಬೇಕಾಗಿಲ್ಲ, ಮೋಸ ಮಾಡಿದವನು ತಗ್ಗಿಸಲಿ. ಮತ್ತೆ, ನೀವು ಬಹಳ ದಿನದಿಂದ ಬರೀ ಹೂವಿನ ಚಿತ್ರ ಕಳಿಸುತ್ತಿರುವ ಸ್ನೇಹಿತರು ಯಾರಾದರೂ ಇದ್ದರೆ, ಈ ಹಾಳೆ ಮಡಿಸಿಟ್ಟು ಇವತ್ತೇ ಅವರ ಮನೆಗೊಮ್ಮೆ ಹೋಗಿ ಬನ್ನಿ.